ಬೀಗದೊಳಗಿನ ತೊಟ್ಟಿ, ಕಾಲಂ ಇಲ್ಲದ ಜೀನ್

ತಾಲ್ಲೂಕಿನ ಆರೋಗ್ಯ ಕಾಯುವ ಮಾನ್ಯರೇ,

ನನ್ನ ಖಾನಾವಳಿಗೆ ತಾವು ಬೀಗ ಜಡಿಸಿ ಇಂದಿಗೆ ಅರವತ್ತೆರಡು ದಿನ. ಈ ಬೇಸಿಗೆಯಲ್ಲಿ ನಮ್ಮ ಓಣಿಯ ಇಬ್ಬರಿಗೆ ವಾಂತಿಭೇದಿಯಾಯಿತು. ಇಬ್ಬರೂ ನನ್ನಲ್ಲಿ ಉಂಡವರಲ್ಲ, ಗುಣವೂ ಆದರು. ಆದರೂ ಪಾತ್ರೆ ತೊಳೆಯುವ ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿ ತಮ್ಮ ಕಚೇರಿಗೆ ತಂದುಕೊಟ್ಟವಳು ನಾನೇ. ಯಾರೂ ಕೇಳಿರಲಿಲ್ಲ. ಎಂಥ ಬುದ್ಧಿವಂತೆ ನೋಡಿ!

ನೀರಿನಲ್ಲಿ ಕಾಲರಾ ರೋಗಾಣು ಇದೆ ಎಂದು ವರದಿ ಬಂತು. ಅಂದೇ ಬೀಗ ಬಿತ್ತು. ಆಸ್ಪತ್ರೆಯ ಪ್ರಯೋಗಾಲಯದ ನೂರೀನ ಸುಮ್ಮನಿರದೆ ಆ ರೋಗಾಣುವನ್ನು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದಳು. ಅಲ್ಲಿಂದ ಕಾಗದ ಬಂದ ದಿನ ನನ್ನ ಮನೆಗೇ ಬಂದು, “ಅಕ್ಕಾರ, ರೋಗಾಣು ಎಲ್ಲಾ ಒಂದೇ ಥರ ಇರಂಗಿಲ್ರಿ. ವಿಷ ಮಾಡೋ ಜೀನ್ ಇದ್ರ ಮಾತ್ರ ಕಾಲರಾ. ನಿಮ್ಮ ತೊಟ್ಟ್ಯಾಗಿನದಕ್ಕ ಆ ಜೀನೇ ಇಲ್ಲ” ಎಂದಳು. ಜೀನ್ ಇರುವ ರೋಗಾಣುವೂ ಸದಾ ವಿಷ ಕಾರುವುದಿಲ್ಲವಂತೆ. ಮನುಷ್ಯನ ಕರುಳು ಸೇರಿ, ಅಲ್ಲಿಯ ಸ್ಥಿತಿ ನೋಡಿಕೊಂಡೇ ಜೀನನ್ನು ಚಾಲೂ ಮಾಡುತ್ತದಂತೆ. ಕಣ್ಣಿಗೆ ಕಾಣದ ಜೀವಿಗೆ ಇಷ್ಟು ವಿವೇಚನೆ ಇರುವಾಗ ತಮ್ಮ ಕಚೇರಿಗೆ ಏಕಿಲ್ಲ?

ಆ ಕಾಗದವನ್ನು ತಮ್ಮ ಗುಮಾಸ್ತರ ಮುಂದಿಟ್ಟೆ. “ಫಾರಂನ್ಯಾಗ ರೋಗಾಣು ಐತಿ, ಇಲ್ಲ ಅಂತ ಎರಡೇ ಕಾಲಂ ಅದಾವ್ರಿ. ಜೀನಿಗೆ ಕಾಲಂ ಇಲ್ಲ” ಎಂದರು. ಹಾಗಾದರೆ ಹೊಸದಾಗಿ ನೀರು ಪರೀಕ್ಷೆಗೆ ಕೊಡುತ್ತೇನೆ ಎಂದೆ. “ಅದೇ ತೊಟ್ಟಿ ನೀರು ಬೇಕ್ರಿ.” ತೊಟ್ಟಿ ಬೀಗದೊಳಗೆ ಇದೆಯಲ್ಲ? “ಹೊಸ ವರದಿ ಬರೋತನಕ ಬೀಗ ತೆಗ್ಯಂಗಿಲ್ರಿ.”

ಈ ಸುತ್ತಿನೊಳಗೆ ನಾನು ಸಿಕ್ಕಿಬಿದ್ದಿದ್ದೇನೆ, ಮಾನ್ಯರೇ. ನಾನು ಎದುರು ಬಂದರೆ ಓಣಿಯ ಹೆಂಗಸರು ನೀರಿನ ಕೊಡದ ಬಾಯಿಗೆ ಸೆರಗು ಮುಚ್ಚುತ್ತಾರೆ. ಹದಿನಾಲ್ಕು ವರ್ಷ ನನ್ನ ಜೊತೆ ರೊಟ್ಟಿ ಬಡಿದ ಹುಲುಗಮ್ಮ ಮೊನ್ನೆ, “ಎವ್ವಾ, ಕೊಟ್ಟೂರಿನ ಖಾನಾವಳ್ಯಾಗ ಕರದಾರ. ಹೋಗ್ಲ್ಯಾ?” ಎಂದಳು. ಹೋಗು ಎಂದೆ. ಅವಳು ಹೋದ ಮೇಲೆ ಅತ್ತೆ.

ತಾವೂ ವರ್ಷಗಟ್ಟಲೆ ಅದೇ ತೊಟ್ಟಿಯಲ್ಲಿ ತೊಳೆದ ತಟ್ಟೆಯಲ್ಲಿ ಉಂಡವರು, ಎಣಗಾಯಿ ಪಲ್ಯ ಎರಡನೇ ಸಲ ಕೇಳಿ ಹಾಕಿಸಿಕೊಂಡವರು. ತಮ್ಮ ಹೊಟ್ಟೆಯ ಸಮಾಚಾರವನ್ನು ಯಾವ ಕಾಲಂನಲ್ಲಿ ಬರೆದುಕೊಂಡಿರಿ?

ಖಾನಾವಳಿ ಬಿಟ್ಟುಕೊಡಿ ಎಂದು ಕೇಳುತ್ತಿಲ್ಲ. ಒಂದು ಬಾಟಲಿ ನೀರು ತುಂಬುವಷ್ಟು ಹೊತ್ತು ಬಾಗಿಲು ತೆಗೆಸಿ. ಆಮೇಲೆ ಬೇಕಾದರೆ ತಾವೇ ಮತ್ತೆ ಬೀಗ ಹಾಕಿ. ಬಾಟಲಿಯನ್ನು ಮಾತ್ರ ಈ ಸಲ ತಾವೇ ತನ್ನಿ. ನನ್ನ ಗತಿ ನೋಡಿದ ಓಣಿಯವರು, ಮುಂದೊಮ್ಮೆ ಆ ಜೀನ್ ಇರುವ ರೋಗಾಣುವೇ ಬಂದರೂ, ತಮ್ಮ ಕಚೇರಿಗೆ ನೀರು ತರುವುದಿಲ್ಲ.

ಇಂತಿ,
ಕೇಳದೆ ನೀರು ಕೊಟ್ಟು ಕೆಟ್ಟ
ಗಂಗಾಂಬಿಕಾ
ಹೂವಿನಹಡಗಲಿ, ಜೂನ್ 2004