ನೀನು ಬರೆಯದ ದೃಶ್ಯ

ಬುಧವಾರ, ಮಧ್ಯಾಹ್ನ

ಪ್ರೀತಿಯ ಮುಂಗೋಪಿಗೆ,

ಕಾಗದ ಕಂಡ ಕೂಡಲೇ ಇವಳಿಗೇನು ಬಂತು ಧಾಡಿ, ಫೋನ್ ಇಲ್ಲವೇ ಎಂದುಕೊಳ್ಳುತ್ತೀಯ. ಫೋನ್ ಇದೆ. ಆದರೆ ಫೋನಿನಲ್ಲಿ ಮಾತಾಡುವವನು ನೀನು, ಹೂಂಗುಟ್ಟುವವಳು ನಾನು. ಈ ವಿಷಯ ಹೇಳುವುದಕ್ಕೆ ನನಗೆ ನಡುವೆ ಬಾಯಿ ಹಾಕದ ಗಂಡ ಬೇಕು. ಅಂಥವನು ಕಾಗದದಲ್ಲಿ ಮಾತ್ರ ಸಿಗುತ್ತಾನೆ.

ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದೆ. ಎಡಿಟಿಂಗ್ ಕೋಣೆಯ ಬಾಗಿಲು ಹಾಕಿ ಬಂದು, ಹಾಕಿದೆನೋ ಇಲ್ಲವೋ ಎಂದು ಹೋಗಿ ನೋಡಿ, ಹೋದವಳು ಅಲ್ಲೇ ನಿಂತು ಏಕೆ ಬಂದೆ ಎಂಬುದನ್ನೇ ಮರೆತು ವಾಪಸ್ ಬಂದೆ. "ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ? ಒಂದ್ ಕಡೆ ಕೂತ್ಕೊಳ್ಳೇ ತಾಯಿ, ನೋಡಿ ನೋಡಿ ನಂಗೇ ಸುಸ್ತಾಯ್ತು" ಎಂದು ಅತ್ತೆ ಬೈದರು. ಅವರಿಗಾಗಿ ಕೂತಿದ್ದೇನೆ. ಕೂತ ಮೇಲೆ ಬರೆಯದೆ ವಿಧಿಯಿಲ್ಲ.

ಭಾನುವಾರ ನಿನ್ನ ಸಿನಿಮಾದ ಪ್ರದರ್ಶನ. ಅದಕ್ಕೆ ಮೊದಲು ನಿನಗೊಂದು ವಿಷಯ ಗೊತ್ತಾಗಬೇಕು. ಹೇಳಿದರೆ ನೀನು ಬರುವುದಿಲ್ಲ, ಮತ್ತೆ ಶುರುಮಾಡಿದ ಬರವಣಿಗೆಯನ್ನೂ ಬಿಟ್ಟುಬಿಡಬಹುದು. ಹೇಳದಿದ್ದರೆ ಪೆಟ್ಟಿಗೆ ಸಮೇತ ಬರುತ್ತೀಯ, ಬಂದು ತುಂಬಿದ ಸಭೆಯಲ್ಲಿ ನಗೆಪಾಟಲಾಗುತ್ತೀಯ. ಬೆಳಗಿನಿಂದ ಈ ಎರಡರ ನಡುವೆ ಒದ್ದಾಡುತ್ತಿದ್ದೇನೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ತಾಳು. ನಿನ್ನ ಮೂಲ ಚಿತ್ರಕಥೆಯಲ್ಲಿ ಇದ್ದಂತೆಯೇ ಇಡೀ ಸಿನಿಮಾವನ್ನು ಮತ್ತೆ ಸಂಕಲನ ಮಾಡಬೇಕು ಎಂದು ಅಭಿಮಾನಿಗಳು ಹಟ ಹಿಡಿದು ನನ್ನ ಬಳಿ ಬಂದಾಗ ನಿನಗಿಂತ ಹೆಚ್ಚು ಕುಣಿದವಳು ನಾನು. ಅವರ ಮುಂದಾಳು ಆ ಹಲ್ಲಿನ ಡಾಕ್ಟರು, ರೋಗಿಯ ಬಾಯಿ ತೆರೆಸಿಟ್ಟು ನಿನ್ನ ಸಂಭಾಷಣೆ ಒಪ್ಪಿಸುವ ಮಹಾನುಭಾವರು. ಬಾಯಿ ತುಂಬ ಹತ್ತಿ ಇರುವುದರಿಂದ ಯಾರೂ ಸಾಕು ಎನ್ನುವ ಹಾಗಿಲ್ಲ. ಸೀರಿಯಲ್ಲುಗಳನ್ನು ಕತ್ತರಿಸಿ ಅಂಟಿಸಿ ಹೊಟ್ಟೆ ಹೊರೆಯುವ ನನಗೆ ಇಂಥ ಕೆಲಸ ಸಿಗುವುದೇ ಅಪರೂಪ. ಅದೂ ನಿನ್ನ ಸಿನಿಮಾ.

ನಮ್ಮ ಮದುವೆಗೆ ಮೊದಲೇ ಬಂದು ಹೋದ ಚಿತ್ರ ಅದು. ಆದರೂ ನಮ್ಮ ಮನೆಯಲ್ಲಿ ಒಬ್ಬ ನೆಂಟನ ಹಾಗೆ ಬೀಡು ಬಿಟ್ಟಿತ್ತು. ಊಟಕ್ಕೆ ಕೂತರೂ ಅದೇ, ಜಗಳಕ್ಕೆ ನಿಂತರೂ ಅದೇ. "ನಾನು ಬರೆದ ಕೊನೇನ ಆ ಕಟುಕ ಕತ್ತರಿಸಿ ಬಿಸಾಕಿಬಿಟ್ಟ" ಎಂದು ನೀನು ನಿರ್ದೇಶಕರನ್ನು ಶಪಿಸದ ವಾರವಿರಲಿಲ್ಲ. ಬಿಡುಗಡೆಯಾದ ಚಿತ್ರವನ್ನು ನೀನು ಇವತ್ತಿನವರೆಗೂ ನೋಡಿಲ್ಲ. ಟೀವಿಯಲ್ಲಿ ಬಂದರೆ ಎದ್ದು ಹೋಗಿ ಆರಿಸುತ್ತಿದ್ದವನು ನೀನು. ನಾನು ಅದನ್ನು ಕಾಲೇಜಿನ ದಿನಗಳಲ್ಲೇ ನೋಡಿ ಅತ್ತಿದ್ದೆ, ಆದರೆ ಈ ಮನೆಯಲ್ಲಿ ಹಾಗೆಂದು ಬಾಯಿ ಬಿಡುವಂತಿರಲಿಲ್ಲ. ನೀನು ಮತ್ತೇನನ್ನೂ ಬರೆಯದೆ ಹೋದದ್ದಕ್ಕೂ, "ಈ ಮನೇಲಿ ಉಸಿರು ಕಟ್ಟತ್ತೆ" ಎಂದು ನೀನೀಗಿರುವ ಊರಿನ ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಗೆ ಹೋಗಿ ಕೂತದ್ದಕ್ಕೂ, ನಿನ್ನಿಂದ ಕಿತ್ತುಕೊಂಡ ಆ ಕೊನೆಯೇ ಕಾರಣ ಎಂದು ನಾನೂ ನಂಬಿದ್ದೆ. ಕೇಳಿದವರಿಗೆಲ್ಲ ಹಾಗೆಯೇ ಹೇಳಿದ್ದೆ.

ಡಾಕ್ಟರ ಜತೆ ಆ ಕಟುಕರ ಮನೆಗೂ ಹೋಗಿ ಬಂದೆ. ನಿನಗೆ ಹೇಳಿರಲಿಲ್ಲ, ಈಗ ಕೂಗಾಡಬೇಡ. ಅವರಿಗೆ ವಯಸ್ಸಾಗಿದೆ. ಚಿತ್ರದಲ್ಲಿ ಬಳಸದೆ ಬಿಟ್ಟ ರೀಲುಗಳನ್ನೆಲ್ಲ ಅಟ್ಟದ ಮೇಲೆ ಡಬ್ಬಿಗಳಲ್ಲಿ ಜೋಪಾನವಾಗಿ ಇಟ್ಟಿದ್ದರು. ಕೇಳಿದ ಕೂಡಲೇ ಕೊಟ್ಟರು. "ಅವನು ಬರೆದಿದ್ದನ್ನ ಒಂದಕ್ಷರ ಬಿಡದೆ ಶೂಟ್ ಮಾಡಿದ್ದೆ ಕಣಮ್ಮ. ಕೂಡಿಸಿ ನೋಡಿದ್ರೆ ಎದೆಗೆ ತಾಗ್ಲಿಲ್ಲ. ಬಂದು ನೋಡು, ಕೂತು ಮಾತಾಡೋಣ ಅಂತ ಹೇಳಿ ಕಳಿಸಿದೆ. ಅವನು ಬರ್ಲಿಲ್ಲ" ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ನಿನ್ನ ಆರೋಗ್ಯ ಹೇಗಿದೆ ಎಂದು ಕೇಳಿದರು. ನಿನ್ನನ್ನು ಒಂದು ಮಾತೂ ಕೇಳದೆ ಕತ್ತರಿಸಿದರು ಎಂದಲ್ಲವೇ ನೀನು ಇಷ್ಟು ವರ್ಷ ಹೇಳುತ್ತಿದ್ದದ್ದು? ಬರುವಾಗ ಆಟೋದಲ್ಲಿ ಡಾಕ್ಟರು ಸಂತೋಷದಿಂದ ಮಾತಾಡುತ್ತಲೇ ಇದ್ದರು. ನಾನು ಮಡಿಲಲ್ಲಿದ್ದ ಡಬ್ಬಿಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ಓದುತ್ತಿದ್ದೆ.

ಆಮೇಲೆ ಕೆಲಸ ಶುರುವಾಯಿತು. ಮೊದಲ ಮುಕ್ಕಾಲು ಭಾಗ ಸುಸೂತ್ರ. ಹೊಲಿಗೆ ಅಂಗಡಿಯ ಅಕ್ಕ, ತಂಗಿ, ಅಪ್ಪ ಬಿಟ್ಟುಹೋದ ಒಂದು ಮಷೀನು. ಅಲ್ಲಿ ನಿನ್ನ ಬರವಣಿಗೆ ಈಗಲೂ ಹೊಳೆಯುತ್ತದೆ, ನಿರ್ದೇಶಕರು ಮುಟ್ಟಿಲ್ಲ. ಕೊನೆಗೆ ಬಂದಾಗ ನನ್ನ ಕೈ ನಿಂತಿತು. ತಂಗಿ ಹೇಳದೆ ಕೇಳದೆ ರೈಲು ಹತ್ತುತ್ತಾಳೆ, ಅಕ್ಕ ಸ್ಟೇಷನ್ನಿಗೆ ಓಡಿಬರುತ್ತಾಳೆ, ಹೊರಡಲಿರುವ ರೈಲಿನ ಬಾಗಿಲಲ್ಲಿ ನಿಂತು ತಂಗಿ ಮಾತಾಡುತ್ತಾಳೆ. ಮಾತಾಡುತ್ತಾಳೆ, ಮಾತಾಡುತ್ತಾಳೆ. "ನಿನ್ನ ಸೂಜಿಯ ಕಣ್ಣಿನಲ್ಲಿ ನನ್ನ ಬದುಕು ತೂರಲಿಲ್ಲ ಅಕ್ಕಾ" ಎನ್ನುತ್ತಾಳೆ. ಸೂಜಿ, ದಾರ, ಗುಂಡಿ, ಕತ್ತರಿ, ಅಂಗಡಿಯಲ್ಲಿದ್ದ ಸಾಮಾನೆಲ್ಲ ಅವಳ ಬಾಯಿಗೆ ಬಂದಿದೆ, ಪಾಪ ಇಸ್ತ್ರಿ ಪೆಟ್ಟಿಗೆ ಒಂದು ಹೇಗೋ ತಪ್ಪಿಸಿಕೊಂಡಿದೆ. ರೈಲು ಮಾತ್ರ ಹೊರಡುವುದಿಲ್ಲ. ಯಾವ ಊರಿನ ರೈಲು ಮಾರಾಯ ಅದು, ಅಷ್ಟು ಸಹನೆಯಿಂದ ನಿಂತದ್ದು?

ನಗುತ್ತಿದ್ದೇನೆ ಎಂದುಕೊಳ್ಳಬೇಡ. ಅವತ್ತು ಆ ದೃಶ್ಯವನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ನನ್ನ ಕತ್ತರಿಯದೇ ದೋಷವಿರಬೇಕು ಎಂದು ಇನ್ನೊಂದು ಟೇಕ್ ಹಾಕಿದೆ, ಅಕ್ಕನ ಮುಖ ಹೆಚ್ಚು ತೋರಿಸಿದೆ, ರೈಲಿನ ಸದ್ದು ಏರಿಸಿದೆ. ಏನು ಮಾಡಿದರೂ ಅದು ಏಳಲಿಲ್ಲ. ಅತ್ತೆಯನ್ನು ಕರೆದು ತೋರಿಸಿದೆ. ಯಾರು ಬರೆದದ್ದು ಏನು ಎತ್ತ ಎಂದು ಹೇಳಲಿಲ್ಲ. ಅವರು ನೋಡಿ, "ಈ ಹುಡುಗಿ ಇಷ್ಟೊಂದು ಮಾತಾಡೋಳಾಗಿದ್ರೆ ಮನೇಲೇ ಜಗಳ ಆಡ್ಬಹುದಿತ್ತಲ್ಲ, ರೈಲು ಯಾಕೆ ಹತ್ತಬೇಕಿತ್ತು?" ಎಂದರು. ನಿನ್ನನ್ನು ಹೆತ್ತ ತಾಯಿ ಅವರು, ಸುಳ್ಳು ಹೇಳಲು ಅವರಿಗೇನು ಕಾರಣ?

ಈಗ ವಿಷಯಕ್ಕೆ ಬಂದೆ. ಸ್ಟೇಷನ್ನಿನ ದೃಶ್ಯ ಮುಗಿದ ಮೇಲೆ ನಿನ್ನ ಚಿತ್ರಕಥೆಯಲ್ಲಿ ಇರುವುದು ಇಷ್ಟೇ: ಅಕ್ಕ ಅಂಗಡಿಗೆ ಹಿಂತಿರುಗುತ್ತಾಳೆ, ಕೆಲಸ ಮುಂದುವರಿಸುತ್ತಾಳೆ. ಅವಳು ಮಷೀನು ತುಳಿಯುವ ಒಂದು ಶಾಟ್ ತೆಗೆದಿದ್ದರಂತೆ, ಆದರೆ ಆ ರೀಲಿಗೆ ತೇವ ಹಿಡಿದು ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಸರಿಮಾಡಲು ಕಳಿಸಿದ್ದೆ. ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ. ಬರಬೇಕಾದ ಶಾಟ್ ಬರದಿದ್ದರೆ ಆ ಜಾಗವನ್ನು ಖಾಲಿ ಬಿಡುವುದಿಲ್ಲ, ಸಮಯ ತಿಳಿಯಲೆಂದು ಕೈಗೆ ಸಿಕ್ಕಿದ ಬೇರೊಂದು ತುಂಡನ್ನು ತುಂಬಿಸಿಡುತ್ತೇವೆ. ನಾನು ಬಿಡುಗಡೆಯಾದ ಚಿತ್ರದ ಕೊನೆಯ ತುಂಡನ್ನೇ ಅಲ್ಲಿ ತುಂಬಿಸಿದ್ದೆ. ನಿರ್ದೇಶಕರು ನಿನ್ನ ಸ್ಟೇಷನ್ ತೆಗೆದುಹಾಕಿ ಅದರ ಬದಲು ಇಟ್ಟ ತುಂಡು ಅದು.

ನೀನು ಅವಸರ ಮಾಡಿದೆ. ಒಂದು ಸಲ ಕೊನೆ ತೋರಿಸು, ಒಂದೇ ಸಲ ಎಂದು ಗೋಗರೆದೆ. ನನಗೂ ಆಸೆ. ಹೇಗಿದೆಯೋ ಹಾಗೇ ಕಳಿಸಿದೆ, ತುಂಬಿಸಿದ ತುಂಡನ್ನು ತೆಗೆಯುವುದು ಮರೆತೇ ಹೋಗಿತ್ತು.

ನೋಡಿದ ಕೂಡಲೇ ನೀನು ಫೋನ್ ಮಾಡಿದೆ. ಸ್ಟೇಷನ್ ಬಗ್ಗೆ ಹೇಳುತ್ತೀಯ ಎಂದು ಕಿವಿ ನಿಮಿರಿಸಿ ಕೂತಿದ್ದೆ. "ಅದು ಸ್ವಲ್ಪ ಉದ್ದ ಆಯ್ತೇನೋ, ಬಿಡು" ಎಂದೆ ನೀನು. ಆಮೇಲೆ, "ಆ ಟೇಪಿನ ದೃಶ್ಯ ನೋಡಿದ್ಯಾ? ಮುದುಕನಿಗೆ ಕೋಟು ಹೊಲಿಯೋಕೆ ಅಕ್ಕ ಭುಜದ ಅಳತೆ ತಗೊಳ್ತಾಳೆ, ಬರ್ಕೊಳ್ಳೋಕೆ ತಿರುಗಿದ್ರೆ ಮರೆತುಹೋಗಿರತ್ತೆ, ಮತ್ತೆ ತಗೊಳ್ತಾಳೆ, ಮತ್ತೆ ಮರೀತಾಳೆ, ಕೊನೆಗೆ ಮುದುಕ ತಾನೇ ಟೇಪಿನ ಒಂದು ತುದಿ ಹಿಡ್ಕೊಂಡು ಸುಮ್ನೆ ನಿಲ್ತಾನೆ. ಇದು ಕಣೇ ನಾನು ಬರೆದ ಸಿನಿಮಾ! ಇದಕ್ಕೋಸ್ಕರಾನೇ ನಾನು ಆಯಸ್ಸೆಲ್ಲ ಬಡಿದಾಡಿದ್ದು!" ಎಂದು ಅತ್ತುಬಿಟ್ಟೆ. ನೀನು ಅತ್ತದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಾನು ತುಂಬಿಸಿದ್ದ ನಿರ್ದೇಶಕರ ತುಂಡು ಅದು; 'ಕೆಲಸ ಮುಂದುವರಿಸುತ್ತಾಳೆ' ಎಂದು ನೀನು ಬರೆದದ್ದು ಇದನ್ನೇ ಎಂದು ಇಷ್ಟು ವರ್ಷಗಳಾದ ಮೇಲೆ ನಿನಗೆ ಅನ್ನಿಸಿಬಿಟ್ಟಿತ್ತು. ಅದು ನಿನ್ನದಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನೀನು, ಭಾನುವಾರ ಮುಗಿಸಿಕೊಂಡು ಪೆಟ್ಟಿಗೆ ಸಮೇತ ಮನೆಗೇ ಬರುತ್ತೇನೆ ಎಂದೆ. ನಾನು ತೆರೆದ ಬಾಯಿಂದ "ಬಾ" ಎಂದೆ.

ಮಾರನೆಯ ದಿನದಿಂದ ನೀನು ಬರೆಯುತ್ತಿದ್ದೀಯ. ದಿನಾ ಫೋನ್ ಮಾಡಿ ಎಷ್ಟು ಬರೆದೆ ಎಂದು ಶಾಲೆಯ ಹುಡುಗನ ಹಾಗೆ ಒಪ್ಪಿಸುತ್ತಿದ್ದೀಯ. ಅತ್ತೆ ನಿನ್ನ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಿದ್ದಾರೆ. ಇದೆಲ್ಲ ಹಾಗೇ ನಡೆಯಲಿ ಎಂದು ನನಗೆ ಎಷ್ಟು ಆಸೆ ಗೊತ್ತೇ? ಬಾಯಿಗೆ ಬೀಗ ಹಾಕಿಕೊಂಡು ಇದ್ದುಬಿಡುತ್ತಿದ್ದೆ.

ಆದರೆ ಇವತ್ತು ಬೆಳಿಗ್ಗೆ ಡಾಕ್ಟರು ಬಂದರು, ದುರಸ್ತಿಯಾದ ಆ ಮಷೀನಿನ ಶಾಟಿನ ರೀಲನ್ನು ಹಿಡಿದುಕೊಂಡೇ ಬಂದರು. ಕೊನೆಯ ಭಾಗ ನೋಡಿ, "ಮೇಡಂ, ಈ ಟೇಪಿನ ಸೀನ್ ರಿಲೀಸ್ ಆಗಿದ್ದಲ್ವಾ? ನಂಗಿದು ತುಂಬಾ ಇಷ್ಟ, ಆದ್ರೂ ತೆಗೀಬೇಕು. ಮೂಲ ಅಂದ್ಮೇಲೆ ಮೂಲ" ಎಂದರು. ಅವರದ್ದು ನ್ಯಾಯವಾದ ಮಾತು. ಅವರ ಎದುರೇ ತೆಗೆದೆ. ಈಗ ಅಲ್ಲಿ ಅಕ್ಕ ಮಷೀನು ತುಳಿಯುತ್ತಾಳೆ, ಪರದೆ ಕಪ್ಪಾಗುತ್ತದೆ. ಭಾನುವಾರ ನೀನು ವೇದಿಕೆಯ ಪಕ್ಕ ಕೂತು ಟೇಪಿಗಾಗಿ ಕಾಯುತ್ತೀಯ, ಅದು ಬರುವುದಿಲ್ಲ. ನಿನ್ನ ಕೋಪ ನನಗೆ ಗೊತ್ತಿಲ್ಲವೇ? ಎದ್ದು ಮೈಕು ಕಿತ್ತುಕೊಂಡು, ನನ್ನ ದೃಶ್ಯ ಎಲ್ಲಿ, ಮತ್ತೆ ಯಾರು ಕದ್ದರು ಎನ್ನುತ್ತೀಯ. ಅಲ್ಲಿ ಸೇರುವವರಿಗೆ ಆ ಚಿತ್ರದ ಒಂದೊಂದು ಶಾಟ್ ಬಾಯಿಪಾಠ. ಮೊದಲು ಯಾರೋ ಒಬ್ಬರು ನಗುತ್ತಾರೆ, ಆಮೇಲೆ ಉಳಿದವರು.

ನನಗೆ ನಿನ್ನ ಮೇಲೆ ಸಿಟ್ಟಿದೆ. ಒಂದು ಸಂಜೆ ಹೋಗಿ ಟಿಕೆಟು ಕೊಂಡು ನೋಡಿಬಿಟ್ಟಿದ್ದರೆ ಇಷ್ಟೂ ವರ್ಷ ನಮ್ಮದಾಗಿರುತ್ತಿತ್ತು. ನಿನ್ನನ್ನು ನಂಬಿ ಆ ಮುದುಕರನ್ನು ನಾನೂ ಕಟುಕ ಎಂದೆನಲ್ಲ ಎಂಬುದಕ್ಕೂ ಸಿಟ್ಟಿದೆ. ಆದರೆ ಫೋನಿನಲ್ಲಿ ನೀನು ಅತ್ತಾಗ ನನಗೆ ಸಂತೋಷವೂ ಆಯಿತು. ಆ ದೃಶ್ಯ ನೋಡಿ ಕಾಲೇಜಿನಲ್ಲಿ ನಾನು ಅತ್ತ ಹಾಗೆಯೇ ನೀನೂ ಅತ್ತೆ. ಯಾವುದು ಒಳ್ಳೆಯದು ಎಂದು ನಿನಗೆ ಗೊತ್ತಾಗುತ್ತದೆ, ಅದು ನಿನ್ನದಲ್ಲ ಎಂದು ಮೊದಲೇ ತಿಳಿದಿದ್ದರೆ ಮಾತ್ರ ಗೊತ್ತಾಗುವುದಿಲ್ಲ. ಅಂಥವನನ್ನು ಏನು ಮಾಡಬೇಕೋ ನನಗೆ ಇನ್ನೂ ತಿಳಿದಿಲ್ಲ.

ಇದರ ಜತೆ ಬಿಡುಗಡೆಯಾದ ಚಿತ್ರವನ್ನು ಪೂರ್ತಿ ಪೆನ್‌ಡ್ರೈವ್‌ನಲ್ಲಿ ಹಾಕಿ ಕಳಿಸುತ್ತಿದ್ದೇನೆ. ಕೋಪ ಬಂದರೆ ಮಹಡಿಯಲ್ಲಿ ಓಡಾಡು, ಆದರೆ ನೋಡು. ನೋಡಿದ ಮೇಲೂ ಬರುವುದಾದರೆ ಭಾನುವಾರ ಬಾ. ಸಭೆಗೆ ಬರಲು ಮನಸ್ಸಾಗದಿದ್ದರೆ ಡಾಕ್ಟರಿಗೆ ನಾನು ಏನಾದರೂ ಹೇಳಿಕೊಳ್ಳುತ್ತೇನೆ, ನೀನು ನೇರ ಮನೆಗೆ ಬಾ. ಎರಡೂ ಆಗದಿದ್ದರೆ ನನ್ನನ್ನು ಬೈಯಲಿಕ್ಕಾದರೂ ಒಂದು ಫೋನ್ ಮಾಡು, ಮೌನವಾಗಿ ಮಾತ್ರ ಇರಬೇಡ.

ಇನ್ನೂ ನಿನ್ನವಳೇ ಆದ,
ಕತ್ತರಿ
(ಈ ಹೆಸರು ಇಟ್ಟವನು ನೀನೇ)

ಮರೆತದ್ದು: ಮೇಲಿನದನ್ನು ಬರೆದು ಮಡಿಸುತ್ತಿದ್ದಾಗ ನಿನ್ನ ಫೋನ್ ಬಂತು. ಹೊಸದಾಗಿ ಬರೆದದ್ದನ್ನು ನೀನು ಓದಿ ಹೇಳಿದೆ. ಒಬ್ಬ ಅಪ್ಪ, ಒಬ್ಬ ಮಗ, ಒಂದು ಕೆಟ್ಟುಹೋದ ನಲ್ಲಿ, ಇಬ್ಬರ ನಡುವೆ ಹೆಚ್ಚು ಮಾತೇ ಇಲ್ಲ. ತುಂಬಾ ಚೆನ್ನಾಗಿದೆ. ಫೋನಿನಲ್ಲಿ ಅದನ್ನು ಹೇಳಲಿಲ್ಲ, ಹೇಳಿದ್ದರೆ ಆಮೇಲೆ ಈ ಕಾಗದವನ್ನು ಹರಿದು ಹಾಕುತ್ತಿದ್ದೆ. ಹೇಗಿದೆ ಹೇಳೇ ಎಂದು ನೀನು ಬಿಡದೆ ಕಾಡಿದಾಗ, ಕಾಗದ ಬರೆದಿದ್ದೇನೆ, ಅದರಲ್ಲಿ ಎಲ್ಲ ಇದೆ ಎಂದುಬಿಟ್ಟೆ. ನೀನು ಎಷ್ಟು ಖುಷಿಯಾಗಿ ನಕ್ಕೆ! ಕಾಗದ ಕೈಸೇರುವವರೆಗೆ ಮುಂದಿನ ಸಾಲು ಬರೆಯುವುದಿಲ್ಲ, ಬಾಗಿಲಲ್ಲೇ ಕೂತು ಕಾಯುತ್ತೇನೆ ಎಂದೆ ನೀನು.