ಒಂದು ಫ್ಲ್ಯಾಶ್, ಒಂದು ಬಿಳಿ ಛತ್ರಿ

ದಾವಣಗೆರೆ
ಸೋಮವಾರ

ಅಪ್ಪಾಜಿಗೆ,

ಫೋನಿನಲ್ಲಿ ನೀವು ನನ್ನ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಡಗಲಿಯ ನಮ್ಮ ಸ್ಟುಡಿಯೋಗೆ ನೀವು ಹೇಳಿದ ಮೂರು ಫ್ಲ್ಯಾಶಿನ ಸೆಟ್ ಬೇಡ. ಒಂದೇ ಫ್ಲ್ಯಾಶ್, ಅದರ ಬೆಳಕನ್ನು ಮೆತ್ತಗಾಗಿಸಲು ಒಂದು ದೊಡ್ಡ ಬಿಳಿ ಛತ್ರಿ ತರುತ್ತೇನೆ. ಪಕ್ಕದಲ್ಲಿಟ್ಟು ಹದವಾಗಿ ಹೊಡೆದರೆ ಮುಖದ ಬಣ್ಣ ಇದ್ದ ಹಾಗೆಯೇ ಬರುತ್ತದೆ.

"ಹೆಣ್ಣಿನ ಫೋಟೊ ಬೆಳ್ಳಗ ಬರಬೇಕವ್ವಾ, ಇಲ್ಲಾಂದ್ರ ಗಿರಾಕಿ ಕೊಟ್ಟೂರಿಗೆ ಹೊಕ್ಕಾರ" ಅನ್ನುತ್ತೀರಿ. ಹೋಗಲಿ ಬಿಡಿ. ನನ್ನ ಫೋಟೊವನ್ನೂ ನೀವು ಹಾಗೆಯೇ ಎದುರಿಗೆ ಎರಡು ಲೈಟು ಇಟ್ಟು ತೆಗೆದಿರಿ. ಅದನ್ನು ಮೆಚ್ಚಿ ಹರಪನಹಳ್ಳಿಯಿಂದ ಗಂಡಿನ ಕಡೆಯವರು ಬಂದರು. ನಾನು ಚಹಾ ತಂದಾಗ ಹುಡುಗನ ತಾಯಿ, "ಇಕಿ ತಂಗಿ ಏನ್ರಿ? ಫೋಟೊದಾಗಿನ ಹುಡುಗೀನ ಕರೀರಿ" ಅಂದರು. ನೀವು ಬಾಗಿಲ ಕಡೆ ನೋಡಿದಿರಿ. ಟ್ರೇ ನನ್ನ ಕೈಯಲ್ಲೇ ಇತ್ತು.

ಶನಿವಾರ ಬರುತ್ತೇನೆ. ಕಿಟಕಿ ಪಕ್ಕದ ಪ್ಲಗ್ ರಿಪೇರಿ ಮಾಡಿಸಿಡಿ. ಸ್ಟುಡಿಯೋ ಗೋಡೆಯ ಮೇಲಿರುವ ನನ್ನ ಆ ಫೋಟೊ ಇಳಿಸಿಡಿ. ಮೊಳೆ ಮಾತ್ರ ಕೀಳಬೇಡಿ, ಛತ್ರಿ ಬೆಳಕಿನಲ್ಲಿ ತೆಗೆದದ್ದನ್ನು ಅಲ್ಲೇ ಹಾಕಬೇಕು.

ನಿಮ್ಮ ಮಗಳು,
ಸುಕನ್ಯಾ