ಅಪ್ಪನ ಹೆಸರಿನ ದ್ವೀಪ

ನಕ್ಷೆ ಕಚೇರಿಯ ಸಾಹೇಬರಿಗೆ,

ನಮ್ಮ ದ್ವೀಪಗಳಲ್ಲೊಂದಕ್ಕೆ ತೀರಿಹೋದ ನನ್ನ ಅಪ್ಪ ಉತ್ತಕ್‌ನ ಹೆಸರಿಟ್ಟು ಗೌರವಿಸಿದ್ದೀರಂತೆ. ಯಾರನ್ನು ಕೇಳಿ ಇಟ್ಟಿರಿ? ಅದಕ್ಕೆ ‘ಮಂಜುಗಡ್ಡೆ ಮೊದಲು ಒಡೆಯುವ ಕಡೆ’ ಎಂಬ ಹೆಸರು ಹಿಂದಿನಿಂದಲೂ ಇದೆ. ಅದನ್ನು ಕೇಳಿದವನು ವಸಂತದಲ್ಲಿ ಅತ್ತ ನಾಯಿಬಂಡಿ ಹೊಡೆಯುವುದಿಲ್ಲ. ಅಪ್ಪನ ಹೆಸರು ಕೇಳಿದರೆ ಅವನಿಗೇನು ತಿಳಿಯಬೇಕು?

ನಮ್ಮ ಇನುಯಿತ್ ಜನರಲ್ಲಿ ಸತ್ತವರ ಹೆಸರು ಹುಟ್ಟಿದ ಮಗುವಿಗೆ ಹೋಗುತ್ತದೆ, ಕಲ್ಲಿಗಲ್ಲ. ಹೆಸರಿನ ಜೊತೆ ಆ ಮನುಷ್ಯನೂ ಬರುತ್ತಾನೆ. ಕಳೆದ ವಾರ ನನ್ನ ಮಗಳು ಹೆತ್ತ ಹೆಣ್ಣುಮಗುವೇ ಈಗ ಉತ್ತಕ್. ನಿಮ್ಮ ಕಾಗದ ಓದಿ ಹೇಳಿದಾಗ ಅವ್ವ ಸಿಡಿದಳು: “ನನ್ ಗಂಡ ಒಂದ್ ಕಡೆ ಕೂತೋನೇ ಅಲ್ಲ, ಅವನನ್ನ ಬಂಡೆ ಮಾಡ್ತಾರಂತಾ?”

ನಿಮ್ಮ ಗೌರವ ನಿಮ್ಮಲ್ಲೇ ಇರಲಿ. ಹಳೆಯ ಹೆಸರನ್ನು ಮತ್ತೆ ಬರೆಯಿರಿ. ಇಲ್ಲಿಗೆ ನಿಲ್ಲಿಸುತ್ತೇನೆ, ಅಪ್ಪ ಹಾಲಿಗಾಗಿ ಅಳುತ್ತಿದ್ದಾನೆ.

ಇವಾಲು,
ಉತ್ತಕ್‌ನ ಮಗಳು